ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಕಳೆದ ದಸರಾ ರಜೆಗೆ ನನ್ನ ಮೂವರು ಮೊಮ್ಮಕ್ಕಳು ಮಧುಗಿರಿಯ ನಮ್ಮ ಮನೆಗೆ ಬಂದಿದ್ದರು. ದೊಡ್ಡವನಿಗೆ 14 ವರ್ಷ, ನಡುವಿನವನಿಗೆ 11, ಕೊನೆಯ ಪುಟ್ಟಿಗೆ 8. ಬಂದ ಎರಡನೆಯ ದಿನವೇ ಪುಟ್ಟಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಯಾಕಮ್ಮಾ ಎಂದು ಕೇಳಿದೆ.

"ತಾತ, ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೆ!"

ಈ ಮಾತು ಕೇಳಿ ನನ್ನ ಹಳೆಯ ಗಾಯ ಕೆರೆದಂತಾಯಿತು. ಐವರು ಮಕ್ಕಳಲ್ಲಿ ನಾನೇ ಕಿರಿಯ. ಚಿನ್ನಿದಾಂಡಿನಲ್ಲಿ ನಾನು ಔಟಾದರೂ ಯಾರೂ ಎಣಿಸುತ್ತಿರಲಿಲ್ಲ, ಚೆನ್ನಾಗಿ ಹೊಡೆದರೂ ಎಣಿಸುತ್ತಿರಲಿಲ್ಲ. ಸೋತಾಗ ಅದು ಹಿತವಾಗಿತ್ತು ನಿಜ. ಗೆದ್ದಾಗ ಮಾತ್ರ ಎದೆಗೆ ಚುಚ್ಚುತ್ತಿತ್ತು.

ಕಥೆ ಹೇಳುತ್ತಾ ಆಡುವ ಆಟ

ಮಕ್ಕಳು ಆಡುತ್ತಿದ್ದುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು 1974ರಲ್ಲಿ ಅಮೆರಿಕದಲ್ಲಿ ಇದನ್ನು ಹೊರತಂದರು. ನನ್ನಂಥ ತಾತಂದಿರಿಗೆ ತಿಳಿಯುವಂತೆ ಹೇಳುವುದಾದರೆ, ಅರ್ಧ ಹರಿಕಥೆ, ಅರ್ಧ ಪಗಡೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ: ಯೋಧ, ಮಂತ್ರವಾದಿ, ಕಳ್ಳ, ವೈದ್ಯ. "ನಾನು ಬಾಗಿಲು ಮುರಿಯುತ್ತೇನೆ" ಎಂದರೆ ಸಾಲದು, 20 ಮುಖದ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆ ದೊಡ್ಡದಾದರೆ ಬಾಗಿಲು ಮುರಿಯಿತು, ಸಣ್ಣದಾದರೆ ನಿಮ್ಮ ಭುಜ ನೋಯಿತು!

ನಮ್ಮ ದೊಡ್ಡವನು ಕಥೆಗಾರ. ಅವನು ಬರೆದುಕೊಂಡ ನಕ್ಷೆಯಲ್ಲಿ ನಮ್ಮ ಸೀಮೆಯೇ ಇತ್ತು. ಕೊರಟಗೆರೆಯ ಸಿದ್ಧರಬೆಟ್ಟದಿಂದ ಗಿಡಮೂಲಿಕೆ ತರಬೇಕು, ಶಿರಾ ಕೋಟೆಯ ಕಂದಕ ದಾಟಬೇಕು, ಪಾವಗಡದ ಬಿಸಿಲಿನಲ್ಲಿ ನಡೆಯಬೇಕು, ಕೊನೆಗೆ ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿ ಕಾಯಿಲೆ ಬಿದ್ದ ರಾಜಕುಮಾರನನ್ನು ಉಳಿಸಬೇಕು. ನಡುವಿನವನು ಕಬ್ಬಿಣದ ಕವಚ ತೊಟ್ಟ ಯೋಧ. ಪುಟ್ಟಿ ಅಂಗೈಯಗಲದ ಕಿನ್ನರಿ, ರೆಕ್ಕೆ ಇದ್ದವಳು.

ತೊಂದರೆ ಶುರುವಾದದ್ದೇ ಅಲ್ಲಿ. ಕಂದಕ ಬಂತು, ಕಿನ್ನರಿ ಹಾರಿದಳು. ಕೋಟೆ ಗೋಡೆ ಬಂತು, ಹಾರಿದಳು. ಅಣ್ಣ ಒಂದು ವಾರ ಕೂತು ಬರೆದ ಕಥೆ ಹತ್ತೇ ನಿಮಿಷಕ್ಕೆ ಮುಗಿಯಿತು. ಯೋಧನಿಗೆ ಕತ್ತಿ ತೆಗೆಯುವ ಅವಕಾಶವೂ ಸಿಗಲಿಲ್ಲ.

"ಎಲ್ಲಾ ಇವಳೇ ಮಾಡಿದ್ರೆ ನಾನ್ಯಾಕಿರ್ಬೇಕು?" ಎಂದು ಅವನು ಸಿಡುಕಿದ.

ಅಣ್ಣ ಪುಸ್ತಕ ತೆರೆದು ಪಿಕ್ಸಿ ಎಂಬ ಪುಟಾಣಿ ಕಿನ್ನರಿಯ ಲೆಕ್ಕವನ್ನೇ ಪುಟ್ಟಿಗೆ ಕೊಟ್ಟ. 2014ರ ನಿಯಮಗಳಲ್ಲಿ ಪಿಕ್ಸಿಯ ಬಲ 2. ಸಾಮಾನ್ಯ ಮನುಷ್ಯನದು 10. ಪ್ರಾಣ ಬರೀ 1. ಅವಳಿಗೆ ಏಟು ತಾಗಬೇಕಾದರೆ ಲೆಕ್ಕ 15 ಮುಟ್ಟಬೇಕು. 20 ಮುಖದ ದಾಳದಲ್ಲಿ 15ರಿಂದ 20ರವರೆಗೆ 6 ಮುಖಗಳು, ಅಂದರೆ ಹತ್ತು ಏಟಿಗೆ ಸರಾಸರಿ ಮೂರು ತಾಗುತ್ತವೆ. ಪ್ರಾಣ ಒಂದೇ ಇದ್ದವಳಿಗೆ ಒಂದು ತಾಗಿದರೆ ಸಾಕಲ್ಲ! ಕಾವಲುಗಾರ ಎಸೆದ ಮೊದಲ ಕಲ್ಲಿಗೇ ಪುಟ್ಟಿ ಸತ್ತಳು. ಆಗ ಅಣ್ಣಂದಿರು ದೊಡ್ಡ ಮನಸ್ಸು ಮಾಡಿ, "ಹೋಗ್ಲಿ ಬಿಡು, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂದರು.

ಮೊದಲು ಅವಳೊಬ್ಬಳೇ ಆಡಿದಳು, ಆಮೇಲೆ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಆಡಿದರು. ಎರಡರಲ್ಲೂ ಲೆಕ್ಕ ತಾಳೆಯಾಗಲಿಲ್ಲ.

ಮೂರು ಹುಲಿ, ಹದಿನೈದು ಕುರಿ

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಸೀಮೆಸುಣ್ಣದಿಂದ ಹುಲಿ-ಕುರಿ ಆಟದ ಮನೆ ಬರೆದೆ. ಹುಲಿಗೆ 3 ಕಲ್ಲು, ಕುರಿಗೆ 15 ಹುಣಸೆ ಬೀಜ. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನಬಹುದು. ಕುರಿ ಯಾರನ್ನೂ ತಿನ್ನುವಂತಿಲ್ಲ, ಹಾರುವಂತಿಲ್ಲ. ಎಲ್ಲ ಕುರಿಗಳನ್ನು ಇಡುವವರೆಗೆ ಒಂದು ಕುರಿಯೂ ಕದಲುವಂತಿಲ್ಲ. ಆದರೂ ಒಂದರ ಬೆನ್ನಿಗೆ ಒಂದು ನಿಂತು ದಾರಿ ಕಟ್ಟಿದರೆ ಹುಲಿ ಮಿಸುಕಲಾರದೆ ಸೋಲುತ್ತದೆ.

ಇಬ್ಬರು ಹುಡುಗರನ್ನೂ ಪಕ್ಷ ಬದಲಿಸುತ್ತಾ ಆರು ಆಟ ಆಡಿಸಿದೆ. ಹುಲಿ ಮೂರು ಗೆದ್ದಿತು, ಕುರಿ ಮೂರು.

"ಹುಲಿಯ ಹಲ್ಲು ಕಿತ್ತಿದ್ದೀವೇನೋ? ಕುರಿಗೆ ಹಲ್ಲು ಕೊಟ್ಟಿದ್ದೀವಾ?" ಎಂದು ಕೇಳಿದೆ.

ಇಬ್ಬರೂ ಸುಮ್ಮನಿದ್ದರು. ಪುಟ್ಟಿ ಹೇಳಿದಳು: "ಹುಲಿ ಹಾರುತ್ತೆ, ಆದ್ರೆ ಮೂರೇ ಇದೆ."

ಆ "ಆದ್ರೆ" ಎಂಬುದರಲ್ಲೇ ಎಲ್ಲ ಇದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಜಮೆಯ ಎದುರಿಗೆ ಖರ್ಚು ಬರೆಯದೆ ನಾವು ಸಂಜೆ ಮನೆಗೆ ಹೋಗುವಂತಿರಲಿಲ್ಲ. ಕಿನ್ನರಿಗೂ ಎರಡು ಕಡೆಯ ಪುಟ ಬೇಕು.

ಹಾರುವುದಕ್ಕೆ ಬೆಲೆ ಇದೆ

ನಮ್ಮ ಊರಿನ ಹೆಸರಲ್ಲೇ ಜೇನಿದೆ. ಜೇನುಹುಳು ಎಷ್ಟು ಪುಟ್ಟದು! ಆನೆಯಂಥ ಆನೆಯೂ ಅದಕ್ಕೆ ಹೆದರುತ್ತದೆ. ಆದರೆ ನಮ್ಮನ್ನು ಕುಟುಕಿದ ಜೇನು ತನ್ನ ಮುಳ್ಳನ್ನು ಚರ್ಮದಲ್ಲೇ ಬಿಟ್ಟು ಸಾಯುತ್ತದೆ. ನಮ್ಮ ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿ 10 ಗ್ರಾಂ ಕೂಡ ತೂಗುವುದಿಲ್ಲ. ಅದಕ್ಕೇ ಹೂವಿನಿಂದ ಹೂವಿಗೆ ಹಾರಿ ಮಕರಂದ ಹೀರುತ್ತಲೇ ಇರಬೇಕು. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋದವರು ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದನ್ನು ನೋಡಿರುತ್ತೀರಿ. ಅಷ್ಟು ಅಗಲದ ರೆಕ್ಕೆಯಿದ್ದರೂ ಹೊಟ್ಟೆಗಾಗಿ ಅವು ಕೆರೆಗೆ ಇಳಿಯಲೇಬೇಕು.

ಆಟ ಕಟ್ಟುವವರಿಗೂ ಇದು ಗೊತ್ತು. 2021ರಲ್ಲಿ ಬಂದ ಒಂದು ಪುಸ್ತಕದಲ್ಲಿ, ಆಟಗಾರರೇ ಕಿನ್ನರಿಯ ಪಾತ್ರ ಹಾಕಲು ನಿಯಮವಿದೆ. ಅವಳಿಗೆ ಮೊದಲ ದಿನದಿಂದಲೇ ಹಾರಲು ಬರುತ್ತದೆ. ಆದರೆ ಭಾರದ ಕವಚ ತೊಟ್ಟರೆ ಹಾರಾಟ ನಿಂತಿತು! ಗಾತ್ರವನ್ನೂ ಅಂಗೈಯಷ್ಟು ಇಡದೆ ಕುಳ್ಳರಷ್ಟು ಇಟ್ಟಿದ್ದಾರೆ. ಪುಟ್ಟಿಗೆ ಮಾತ್ರ ಅಂಗೈಯಗಲವೇ ಬೇಕಿತ್ತು. ಹಾಗಾಗಿ ನಾವೇ ನಿಯಮ ಬರೆದೆವು:

1. ಕಿನ್ನರಿಗೆ 5 ಹುಣಸೆ ಬೀಜ. ಒಂದು ಸಲ ಹಾರಿದರೆ ಒಂದು ಬೀಜ ಖರ್ಚು. ಹೂವಿನ ಮೇಲೋ ಗೆಳೆಯರ ಹೆಗಲ ಮೇಲೋ ಕೂತು ದಣಿವಾರಿಸಿಕೊಂಡರೆ ಬೀಜಗಳು ವಾಪಸು.
2. ನೂಲು, ಎಲೆ, ಸೂಜಿಗಿಂತ ಭಾರವಾದದ್ದನ್ನು ಹೊತ್ತು ಹಾರುವಂತಿಲ್ಲ.
3. ಬಯಲಲ್ಲೂ ಬೆಟ್ಟದ ತುದಿಯಲ್ಲೂ ಗಾಳಿಯ ದಾಳ ಹಾಕಬೇಕು. 10ಕ್ಕಿಂತ ಕಡಿಮೆ ಬಿದ್ದರೆ ಗಾಳಿ ಅವಳನ್ನು ಕೆಡವುತ್ತದೆ.
4. ಪ್ರಾಣ 1 ಅಲ್ಲ, 4. ಕಲ್ಲೇಟಿಗೆ 1 ಹೋಗುತ್ತದೆ, ಕತ್ತಿಯೇಟಿಗೆ 2. ಯೋಧನ ಪ್ರಾಣ 12.
5. ಪ್ರತಿ ಊರಿನಲ್ಲೂ ಪ್ರತಿಯೊಬ್ಬರಿಗೆ, ಅವರೇ ಮಾಡಬೇಕಾದ ಒಂದು ಕೆಲಸ ಇರಲೇಬೇಕು.

ಮೊದಲು ನಾನು ಮೂರೇ ಬೀಜ ಕೊಟ್ಟಿದ್ದೆ. ಪುಟ್ಟಿ ಆಟದ ಮುಕ್ಕಾಲು ಪಾಲು ಹೂವಿನ ಮೇಲೆ ಕೂತು ಆಕಳಿಸಿದಳು. ಲೆಕ್ಕ ಬಿಗಿಯಾದರೂ ತಪ್ಪೇ. ಐದಕ್ಕೆ ಏರಿಸಿದೆವು. ನಿಯಮ ಬರೆದ ಮೇಲೆ ಆಡಿ ನೋಡಬೇಕು, ಆಡಿ ನೋಡಿದ ಮೇಲೆ ತಿದ್ದಬೇಕು.

ಬೆಟ್ಟದ ಬಾಗಿಲಲ್ಲಿ

ರಜೆಯ ಕೊನೆಯ ಸಂಜೆ ಪೂರ್ತಿ ಆಟ ನಡೆಯಿತು. ನಾನು ಮಂಡಿನೋವಿನ ವೈದ್ಯ, ಅದಕ್ಕೆ ನಟನೆ ಬೇಕಿರಲಿಲ್ಲ. ಸಿದ್ಧರಬೆಟ್ಟದ ಗವಿಯಲ್ಲಿ ಮೂಲಿಕೆ ಗುರುತಿಸಿದ್ದು ನಾನು. ಕಗ್ಗಲಡುವಿನ ಕೊಕ್ಕರೆಯೊಂದು ಕಿನ್ನರಿಯನ್ನು ಕಪ್ಪೆಯೆಂದು ತಿಳಿದು ಕೊಕ್ಕು ತೆರೆದಾಗ ಗುರಾಣಿ ಅಡ್ಡ ಹಿಡಿದದ್ದು ಯೋಧ. ಪಾವಗಡದ ತಿರುಮಣಿಯಲ್ಲಿ ಇಂದು 13,000 ಎಕರೆಯ ಸೌರ ಉದ್ಯಾನವಿದೆಯಲ್ಲ, ಅಂಥ ಬಿಸಿಲು. ಅಲ್ಲಿ ಹೂವೇ ಇಲ್ಲ. ಕಿನ್ನರಿ ಯೋಧನ ಹೆಗಲೇರಿ ಬಂದಳು.

ಮಧುಗಿರಿ ಕೋಟೆಯ ಕೊನೆಯ ಬಾಗಿಲು ಮುಚ್ಚಿತ್ತು. ಗೋಡೆಯ ಮೇಲೆ ಒಂದು ಕಬ್ಬಿಣದ ಬಳೆ. ಹಗ್ಗ ಯೋಧನ ಹತ್ತಿರ ಇತ್ತು, ಆದರೆ ಅವನಿಗೆ ಎಟುಕದು. ಪುಟ್ಟಿಗೆ ಎಟುಕುತ್ತದೆ, ಆದರೆ ಹಗ್ಗ ಹೊರಲಾರಳು. ಅವಳ ಮುಂದೆ ಉಳಿದಿದ್ದದ್ದು ಎರಡೇ ಬೀಜ.

ಪುಟ್ಟಿ ತುಂಬಾ ಹೊತ್ತು ಯೋಚಿಸಿದಳು. ಆಮೇಲೆ ಹೇಳಿದಳು: "ನಾನು ನೂಲು ತಗೊಂಡು ಹೋಗ್ತೀನಿ. ಬಳೆಯೊಳಗೆ ತೂರಿ ಕೆಳಗೆ ತರ್ತೀನಿ. ನೂಲಿಗೆ ದಾರ ಕಟ್ಟಿ ಎಳೀರಿ. ದಾರಕ್ಕೆ ಹಗ್ಗ ಕಟ್ಟಿ."

ಹೋಗಲು ಒಂದು ಬೀಜ, ಬರಲು ಒಂದು. ಹೋಗುವಾಗ ಗಾಳಿಯ ದಾಳದಲ್ಲಿ 16 ಬಿತ್ತು. ಬರುವಾಗ 7. ಕಿನ್ನರಿ ಬಂಡೆಯ ಮೇಲಿಂದ ಉರುಳತೊಡಗಿದಳು. ಯೋಧನ ಸರದಿ. ಎದುರಿಗೆ ಕಾವಲುಗಾರ ಕತ್ತಿ ಎತ್ತಿ ನಿಂತಿದ್ದ. ನಡುವಿನವನು ಎರಡು ದಿನದಿಂದ ಕಾದಿದ್ದ ಕಾಳಗ ಅದು.

"ಕತ್ತಿ ಬಿಸಾಕ್ತೀನಿ. ಇವಳನ್ನ ಹಿಡ್ಕೋತೀನಿ," ಎಂದ.

ಕಾವಲುಗಾರನ ಏಟಿಗೆ ಅವನ ಪ್ರಾಣದಲ್ಲಿ 2 ಹೋಯಿತು. ಅಂಗೈಯಲ್ಲಿ ಕಿನ್ನರಿ, ಕಿನ್ನರಿಯ ಕೈಯಲ್ಲಿ ನೂಲು. ಹಗ್ಗ ಬಳೆಯೊಳಗೆ ಹೋಯಿತು. ಅಷ್ಟರಲ್ಲಿ ಅಜ್ಜಿ ಮುದ್ದೆ ಆರುತ್ತದೆಂದು ಕೂಗಿದಳು. ರಾಜಕುಮಾರ ಊಟವಾದ ಮೇಲೆ ಬದುಕಿದ.

ಮಕ್ಕಳೇ, ನಿಮ್ಮ ಆಟದಲ್ಲಿ ತೀರ ಚಿಕ್ಕವರಿದ್ದರೆ ಅವರ ರೆಕ್ಕೆ ಕತ್ತರಿಸಬೇಡಿ, ಲೆಕ್ಕದಿಂದ ಹೊರಗೂ ಇಡಬೇಡಿ. ಒಂದು "ಆದ್ರೆ" ಸೇರಿಸಿ ನೋಡಿ. ನಮ್ಮ ಪುಟ್ಟಿ ಬಸ್ಸು ಹತ್ತುವಾಗ ನನ್ನ ಅಂಗೈಯಲ್ಲಿ ಐದು ಹುಣಸೆ ಬೀಜ ಇಟ್ಟು, "ಎಣಿಸಿಟ್ಟಿರು ತಾತ, ಬೇಸಿಗೆಗೆ ಬರ್ತೀನಿ" ಎಂದಳು. ಎಣಿಸಿದೆ. ಸರಿಯಾಗಿ ಐದಿತ್ತು.