ಪಹಣಿಯಲ್ಲಿ ಇಲ್ಲದವಳ ರಾಗಿ

ಒಕ್ಕಣೆ ಕಾಲದಲ್ಲಿ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಕಡೆ ಟಾರು ರಸ್ತೆಯೇ ಕಣ. ಅರ್ಧ ರಸ್ತೆಗೆ ರಾಗಿ ತೆನೆ ಹರವಿರುತ್ತಾರೆ. ಮಳವಳ್ಳಿ ಬಸ್ಸು, ಕಬ್ಬಿನ ಟ್ರ್ಯಾಕ್ಟರು, ಬೈಕು ಎಲ್ಲ ಅದರ ಮೇಲೆ ಹಾಯ್ದು ಕಾಳು ಬಿಡಿಸಿ ಹೋಗುತ್ತವೆ. ವಾಹನ ದಾಟಿದ ಕೂಡಲೇ ಒಬ್ಬ ಹೆಂಗಸು ಸೆರಗು ಬಿಗಿದು ಬರುತ್ತಾಳೆ, ಹುಲ್ಲು ಜಾಡಿಸಿ ಆಚೆಗಿಡುತ್ತಾಳೆ, ಕಡ್ಡಿಪೊರಕೆಯಲ್ಲಿ ಕಾಳು ಒತ್ತರಿಸುತ್ತಾಳೆ. ಗಾಳಿಗೆ ತೂರಿದ ರಾಗಿ ಬೀಳುವುದು ಎರಡು ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಹಾಸಿನ ಮೇಲೆ.

ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಟಾರ್ಪಾಲು ಕೊಡುತ್ತಾರಲ್ಲ ಅಂದರೆ, ಪೊರಕೆ ನಿಲ್ಲಿಸದೆಯೇ ಉತ್ತರ ಬರುತ್ತದೆ: 'ಅದ್ಕೆ ಎಫ್‌ಐಡಿ ಅನ್ನೋ ರೈತರ ನಂಬರು ಬೇಕು ಕಣಣ್ಣ. ಎಫ್‌ಐಡಿಗೆ ಪಹಣಿ ಬೇಕು. ಜಮೀನು ನಮ್ದಲ್ಲ, ವಾರಕ್ಕೆ ಮಾಡ್ತಿರದು.'

ಉತ್ತವಳು ಇವಳು, ಪಹಣಿಯಲ್ಲಿರುವ ಹೆಸರು ಇನ್ನೊಬ್ಬರದು. ಸರ್ಕಾರದ ದುಡ್ಡು ಹೆಸರಿನ ಹಿಂದೆ ಹೋಗುತ್ತದೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ಎರಡೆರಡು ಸಾವಿರದಂತೆ, ಜಮೀನು ಯಾರ ಹೆಸರಿಗಿದೆಯೋ ಅವರ ಖಾತೆಗೆ. ಊರು ಬಿಟ್ಟು ಮೈಸೂರು ಸೇರಿದವರೂ ಆದಾಯ ತೆರಿಗೆ ಕಟ್ಟದಿದ್ದರೆ, ಸರ್ಕಾರಿ ನೌಕರಿ ಇಲ್ಲದಿದ್ದರೆ ಸಾಮಾನ್ಯವಾಗಿ ಅರ್ಹರೇ. ಹನಿ ನೀರಾವರಿಗೆ ಶೇ 90ರ ಸಹಾಯಧನ, ಕೃಷಿ ಹೊಂಡ, ಎಲ್ಲದಕ್ಕೂ ಪಹಣಿಯೇ ಬಾಗಿಲು. 10 ಎಚ್‌.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಬೋರು ಇದ್ದವರಿಗೆ. ಬೆಂಬಲ ಬೆಲೆಗೆ ರಾಗಿ ಕೊಡಬೇಕಾದರೂ ಎಫ್‌ಐಡಿ. 2024-25ರಲ್ಲಿ ಕ್ವಿಂಟಲಿಗೆ 4,290 ರೂಪಾಯಿ ಇತ್ತು. ಇವಳ ಪಾಲಿನ ಮೂಟೆಗಳು ಮನೆ ಬಾಗಿಲಿಗೆ ಬರುವ ವ್ಯಾಪಾರಿಯ ತಕ್ಕಡಿಗೆ ಹೋಗುತ್ತವೆ, ಅವನು ಹೇಳಿದ ರೇಟಿಗೆ. ಬೆಳೆಗೆಂದು ಇವಳ ಕೈಗೆ ನೇರ ಎಟುಕುವುದು ಅಂಗಡಿಯ ಗೊಬ್ಬರ ಒಂದೇ: ಹೆಬ್ಬೆಟ್ಟು ಒತ್ತಿದರೆ ಯೂರಿಯಾದ 45 ಕೆ.ಜಿ. ಚೀಲ 266 ರೂಪಾಯಿ ಚಿಲ್ಲರೆಗೆ.

ವಾರದ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಗೇಣಿಯ ಮಾತನ್ನು ಕಾಗದಕ್ಕೆ ಇಳಿಸಬಹುದಲ್ಲ? ಇಳಿಸುವಂತಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಗೇಣಿಯನ್ನೇ ನಿಷೇಧಿಸಿತು. ಅದು ದೊಡ್ಡ ಕೆಲಸ. ಗೇಣಿದಾರರಾಗಿದ್ದ ಎಷ್ಟೋ ಮನೆಗಳು ಅದರಿಂದಲೇ ಒಡೆಯರಾದವು. ಆದರೆ ಮಕ್ಕಳು ಪಟ್ಟಣ ಸೇರಿದ ಮೇಲೆ ಹೊಲಗಳು ಮತ್ತೆ ವಾರಕ್ಕೆ ಬಿದ್ದವು, ಈ ಸಲ ಬಾಯಿಮಾತಿನಲ್ಲಿ. ಬರೆದುಕೊಟ್ಟರೆ ಜಮೀನೇ ಹೋದೀತೆಂಬ ಭಯ ಒಡೆಯನಿಗೆ, ಕೇಳಿದರೆ ಮುಂದಿನ ವರ್ಷ ಹೊಲ ಸಿಗದೆಂಬ ಭಯ ಇವಳಿಗೆ. ಸ್ವಂತ ಜಮೀನಿದ್ದರೂ ಸತ್ತ ತಾತನ ಹೆಸರಿನಲ್ಲೇ ಉಳಿದು, ಪೌತಿ ಖಾತೆಗೆ ಅಲೆಯುವ ಅಣ್ಣತಮ್ಮಂದಿರದು ಇನ್ನೊಂದು ಪಾಡು.

ಕಾವೇರಿ ಹತ್ತಿರವಿದ್ದೂ ಮಳೆ ನಂಬಿದ ಹೊಲಗಳಿವು. ಪೂರಿಗಾಲಿಯ ಹೆಸರಿನಲ್ಲೇ ಕಾವೇರಿ ನೀರಾವರಿ ನಿಗಮದ ನೂರಾರು ಕೋಟಿಯ ಹನಿ, ತುಂತುರು ನೀರಾವರಿ ಯೋಜನೆ ಇದೆ. ನೀರು ಬಂದ ಹೊಲದ ಬೆಲೆ ಏರುತ್ತದೆ, ಆ ಲಾಭವೂ ಪಹಣಿಯ ಹೆಸರಿಗೇ. ಹೊಲ ಮಾಡುವವರು ಯಾರೆಂದು ಬರೆದುಕೊಳ್ಳುವ ಕಾಲಂ ಒಂದಿದ್ದರೆ, ಅದಕ್ಕೆ ಜಮೀನಿನ ಹಕ್ಕು ಅಂಟಿಸದೆ ಬರೀ ಸವಲತ್ತಿಗೆಂದು ಇಟ್ಟರೆ, ಎರಡೂ ಕಡೆಯ ಭಯ ಇಳಿದೀತೆಂದು ನನಗೆ ಅನ್ನಿಸುತ್ತದೆ.

ಸಂಜೆ ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು. ಫ್ಯಾಟು, ಡಿಗ್ರಿ ನೋಡಿ ಹಾಲು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಹಾಲು ಹಾಕಿದವರ ಖಾತೆಗೆ ಜಮೆ. ಇಲ್ಲಿ ಪಹಣಿ ಯಾರೂ ಕೇಳುವುದಿಲ್ಲ. ಪುಸ್ತಕದ ಮೇಲೆ ಇವಳದೇ ಹೆಸರು. ಹಾಗಾದರೆ ಇನ್ನೊಂದು ಹಸು ಕಟ್ಟಬಹುದಲ್ಲ ಎಂದರೆ ತಲೆಯಾಡಿಸುತ್ತಾಳೆ.

'ಕಟ್ಬೋದು. ಹುಲ್ಲು ಆ ಹೊಲದ್ದೇ ಅಲ್ವ? ಯುಗಾದಿಗೆ ಅವ್ರು ಬೇರೆಯೋರ್ಗೆ ಕೊಟ್ಬುಟ್ರೆ?'