ಮಗುವಿನ ಬೇಸರವೂ ಕೆರಳಿಕೆಯೂ



“ಬೇಸರ, ಬೇಸರ” ಎಂದು ಮನೆಯೆಲ್ಲ ಸುತ್ತಿ, ಮರುಕ್ಷಣವೇ ಕೆರಳಿ, ಕೈಗೆ ಸಿಕ್ಕಿದುದನ್ನು ಎಸೆಯುವ ಮಗುವನ್ನು ಹಿರಿಯರು ಹಟಮಾರಿಯೆಂದು ಗದರುವುದುಂಟು. ಆ ಮಾತು ಎಲ್ಲ ಮಕ್ಕಳಿಗೂ ಸಲ್ಲುವುದೇ ಎಂಬುದನ್ನು ನಾವು ಇಂದು ವಿಚಾರಮಾಡುವೆವು.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯರಾದ ಜಾರ್ಜ್ ಸ್ಟಿಲ್ ಎಂಬವರು, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಕೆಲವು ಮಕ್ಕಳನ್ನು ಕುರಿತು ಉಪನ್ಯಾಸಗಳನ್ನಿತ್ತರು. ಅವರು ಇದನ್ನು ನೈತಿಕ ಸಂಯಮದ ನ್ಯೂನತೆಯೆಂದು ಕರೆದರು. ಇಂದಿನ ವೈದ್ಯಶಾಸ್ತ್ರವು ಇಂತಹ ಸ್ಥಿತಿಯನ್ನು ಎ.ಡಿ.ಎಚ್.ಡಿ. ಎಂದು ಹೆಸರಿಸಿ, ಮಿದುಳಿನ ಬೆಳವಣಿಗೆಯ ಭೇದವೆಂದು ಗ್ರಹಿಸುತ್ತದೆ. ನೀತಿಯ ದೋಷವೆಂಬ ಭಾವನೆ ವೈದ್ಯರಿಂದ ದೂರವಾಯಿತು. ಮನೆಗಳಿಂದ ಇನ್ನೂ ದೂರವಾಗಬೇಕಾಗಿದೆ.

ಇಂತಹ ಮಗು ರುಚಿಸಿದ ಕೆಲಸದಲ್ಲಿ ಗಂಟೆಗಟ್ಟಲೆ ಮಗ್ನವಾಗಿರಬಲ್ಲದು. ರುಚಿಸದೆಡೆಯಲ್ಲಿ ಐದು ನಿಮಿಷವೂ ಅದಕ್ಕೆ ಯಾತನೆಯಾಗಬಹುದು. ಆ ಯಾತನೆಯು ಬಹು ಬೇಗನೆ ಕೋಪಕ್ಕೆ ತಿರುಗುತ್ತದೆ. ಆದುದರಿಂದ ಬಿಡುವಿನ ವೇಳೆಗೆ ಮುಂಚಿತವಾಗಿ ಸಿದ್ಧತೆಯಿರಬೇಕು. ಬೇಸರಗೊಂಡ ಮಗುವಿಗೆ ಆರಿಸಿಕೊಳ್ಳುವ ಶಕ್ತಿಯೇ ಕುಂದಿರುತ್ತದೆ. ಅದು ಶಾಂತವಾಗಿರುವಾಗಲೇ, ಅದರೊಡನೆ ಕುಳಿತು, ಮೂರು ನಾಲ್ಕು ಕೆಲಸಗಳನ್ನು ಗೊತ್ತುಮಾಡಿ, ಚಿತ್ರ ಬರೆದು ಗೋಡೆಗೆ ಹಚ್ಚಬಹುದು: ಅವರೆಕಾಯಿ ಸುಲಿಯುವುದು, ಗಿಡಗಳಿಗೆ ನೀರು ಹೊರುವುದು, ಅಳಗುಳಿಮಣೆಯಾಟ. ಕೈಕಾಲುಗಳಿಗೆ ಚಲನೆಯಿರುವ ಕೆಲಸವು ಲೇಸು. ಒಂದನ್ನು ಬಿಡಿಸಿ ಇನ್ನೊಂದಕ್ಕೆ ಕರೆಯುವ ಮುನ್ನ, “ಇನ್ನೈದು ನಿಮಿಷದಲ್ಲಿ ಊಟಕ್ಕೇಳಬೇಕು, ಕಂದ” ಎಂಬ ಸೂಚನೆಯನ್ನು ಕೊಡಬೇಕು. ಹಸಿವು, ನಿದ್ರೆಗೇಡುಗಳು ಕೆರಳಿಕೆಯನ್ನು ಹೆಚ್ಚಿಸುವುವೆಂಬುದನ್ನೂ ಮರೆಯಲಾಗದು.

ಇಷ್ಟಾದರೂ ಕೋಪವು ಉಕ್ಕಿ ಬಂದರೆ ಮಾಡತಕ್ಕುದೇನು? ಆಗ ಉಪದೇಶವು ಕಿವಿಗೆ ಮುಟ್ಟದು. ಒಡೆಯುವ, ತಗಲುವ ವಸ್ತುಗಳನ್ನು ದೂರ ಸರಿಸಿ, ತಗ್ಗಿದ ದನಿಯಲ್ಲಿ, “ನಿನಗೆ ಸಿಟ್ಟು ಬಂದಿದೆ, ನಾನು ಇಲ್ಲಿಯೇ ಇದ್ದೇನೆ” ಎಂದಷ್ಟೇ ನುಡಿದು ಬಳಿಯಲ್ಲಿ ಕುಳಿತಿರಬೇಕು. ಕೆಲವು ಮಕ್ಕಳಿಗೆ ಅಪ್ಪುಗೆ ಹಿತ, ಕೆಲವರಿಗೆ ಸ್ಪರ್ಶವೇ ಅಸಹ್ಯ. ಇದನ್ನು ತಂದೆತಾಯಿಗಳು ಗಮನಿಸಿ ತಿಳಿಯತಕ್ಕುದು. ಹಿರಿಯರ ಶಾಂತಿಯನ್ನು ಕಂಡೇ ಮಗು ಶಾಂತಿಯನ್ನು ಕಲಿಯುವುದು.

ಹೊಡೆದರೂ ಬೈದರೂ ಸುಮ್ಮನಿರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಸಿಟ್ಟು ಬರಬಹುದು, ಹೊಡೆಯಕೂಡದು ಎಂಬ ಎಲ್ಲೆಯನ್ನು, ಮಗುವಿನ ಮನಸ್ಸು ತಿಳಿಯಾದ ಮೇಲೆ, ಚಿಕ್ಕ ಮಾತಿನಲ್ಲಿ ತಿಳಿಸಬೇಕು. ಮುಂದಿನ ಸಲ ಏನು ಮಾಡೋಣವೆಂದು ಅದನ್ನೇ ಕೇಳಬೇಕು.

ಕಲಿಕೆಗೂ ಸ್ನೇಹಕ್ಕೂ ಬಹುಕಾಲ ಅಡ್ಡಿಯಾಗುತ್ತಿದ್ದರೆ ತಜ್ಞರನ್ನು ಕಾಣಲು ಸಂಕೋಚಪಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕ್ಕಾಗಿಯೇ ಒಂದು ವಿಭಾಗವುಂಟು. ದಿನವೂ “ಕೆಟ್ಟ ಮಗು” ಎಂದು ಕೇಳುತ್ತ ಬೆಳೆದ ಮಗು ಕಡೆಗೆ ಅದನ್ನೇ ನಂಬುವುದು. ಆ ನಂಬಿಕೆಯನ್ನು ತಡೆಯುವುದು ನಮ್ಮ ಕೈಯಲ್ಲಿದೆ.