ಗ್ರೇಟ್‌ಫುಲ್ ಡೆಡ್: ಮೊದಲು ಯಾವುದನ್ನು ಕೇಳಬೇಕು?

1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಬ್ಯಾಂಡ್ ಗ್ರೇಟ್‌ಫುಲ್ ಡೆಡ್. ಮೂವತ್ತು ವರ್ಷ, ಎರಡು ಸಾವಿರಕ್ಕೂ ಹೆಚ್ಚು ಕಛೇರಿ. ಎಲ್ಲಿಂದ ಶುರು ಮಾಡೋದು?

ವೇದಿಕೆಯಲ್ಲೇ ಹಾಡನ್ನು ಬೆಳೆಸುತ್ತಾ ಹೋಗೋ ಉದ್ದುದ್ದ ಜ್ಯಾಮ್‌ಗಳಿಗೆ ಈಗಲೇ ಕೈಹಾಕಬೇಡಿ. ಮೊದಲು 1970ರ ‘ಅಮೆರಿಕನ್ ಬ್ಯೂಟಿ’. ಚಿಕ್ಕ ಹಾಡುಗಳು, ಅಕೌಸ್ಟಿಕ್ ಗಿಟಾರ್, ಮೂರು ದನಿ ಕೂಡಿದ ಹಾಡುಗಾರಿಕೆ. ರಾಬರ್ಟ್ ಹಂಟರ್ ಬರೆದ ಸಾಹಿತ್ಯ ಒಂದೇ ಸಲಕ್ಕೆ ಮನಸ್ಸಿಗೆ ಹತ್ತುತ್ತೆ.

ಆಮೇಲೆ 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಕಛೇರಿ. ಅದರಲ್ಲಿ ‘ಸ್ಕಾರ್ಲೆಟ್ ಬಿಗೋನಿಯಾಸ್’ ಹಾಡು ನಿಲ್ಲದೆ ‘ಫೈರ್ ಆನ್ ದ ಮೌಂಟನ್’ ಆಗಿ ತಿರುಗುತ್ತೆ. ಒಂದು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು? ಆ ಹೊಸಿಲನ್ನು ಹುಡುಕುತ್ತಾ ಕೇಳಿ. ಜೆರ್ರಿ ಗಾರ್ಸಿಯಾನ ಗಿಟಾರ್ ಜೊತೆಗೆ ಫಿಲ್ ಲೆಶ್‌ನ ಬಾಸ್ ಕಡೆಗೂ ಕಿವಿ ಕೊಡಿ. ಅದು ಬರೀ ತಾಳಕ್ಕೆ ಆಸರೆಯಲ್ಲ, ಗಿಟಾರ್‌ಗೆ ಎದುರುತ್ತರ ಕೊಡೋ ಇನ್ನೊಂದು ರಾಗ.

ಕೊನೆಗೆ ‘ಡಾರ್ಕ್ ಸ್ಟಾರ್’. 1968ರ ಸ್ಟುಡಿಯೋ ಮುದ್ರಣ ಮೂರು ನಿಮಿಷವೂ ಇಲ್ಲ. ಮರುವರ್ಷ ಬಂದ ‘ಲೈವ್/ಡೆಡ್’ ಆಲ್ಬಮ್‌ನಲ್ಲಿ ಅದೇ ಹಾಡು ಸುಮಾರು 23 ನಿಮಿಷ! ಕೃತಿ ಚಿಕ್ಕದು, ಮನೋಧರ್ಮ ದೊಡ್ಡದು. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಇದೇನೂ ಹೊಸ ಮಾತಲ್ಲ. ನನ್ನ ಪ್ರಕಾರ ಈ ಬ್ಯಾಂಡಿನ ಜೀವ ಇರೋದು ಇಲ್ಲೇ.

ಇವರು ಅಭಿಮಾನಿಗಳಿಗೆ ಕಛೇರಿಗಳನ್ನು ಟೇಪ್ ಮಾಡಿಕೊಳ್ಳೋಕೆ ಬಿಟ್ಟರು. 1984ರಿಂದ ಅದಕ್ಕೆಂದೇ ಪ್ರತ್ಯೇಕ ಜಾಗ ಕೊಟ್ಟರು. ಅದಕ್ಕೇ ಇವತ್ತು ಕೇಳೋಕೆ ಇಷ್ಟೊಂದು ಉಳಿದಿದೆ.

ಇವತ್ತು ರಾತ್ರಿ ಹೆಡ್‌ಫೋನ್ ಹಾಕಿ, ‘ಅಮೆರಿಕನ್ ಬ್ಯೂಟಿ’ಯನ್ನು ಮೊದಲಿಂದ ಕೊನೆವರೆಗೆ ಕೇಳಿ.